ಎರಡನೇ ದನಿ

ರಾಜೀವಿಯಕ್ಕ ನನ್ನ ಮೇಲೂ ಸೇಡು ತೀರಿಸಿಕೊಂಡಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ನನ್ನನ್ನು ಮೊದಲಿನಿಂದಲೂ ಅವರ ಪರವಾಗಿ ನಿಂತ ಪುಣ್ಯಾತ್ಗಿತ್ತಿ ಎಂದುಕೊಂಡಾರು. ಒಂದೂವರೆ ವರ್ಷ ನಾನು ಪುಣೆಯ ವಿಮಾನ ನಗರದಲ್ಲಿ, ಎಂಟನೇ ಮಹಡಿಯ ತಣ್ಣನೆಯ ಆಫೀಸಿನಲ್ಲಿ ಕಾಫಿ ಹೀರುತ್ತ, ಮುಖ ನೋಡದ ಹೆಂಗಸರ ಕೆಲಸಕ್ಕೆ ಕೆಂಪು ಗುರುತು ಹಾಕುತ್ತ ಕುಳಿತಿದ್ದವಳು.

ನನ್ನ ಹೆಸರು ಸ್ಪಂದನಾ, ಊರು ಮದ್ದೂರು. ನಮ್ಮ ಕಂಪನಿ ಯಂತ್ರಗಳಿಗೆ ಮಾತು ಕಲಿಸುತ್ತದೆ. ಯಾರೋ ಬ್ಯಾಂಕಿಗೆ ಫೋನು ಮಾಡಿ ತಮ್ಮ ಊರಿನ ಕನ್ನಡದಲ್ಲಿ ಏನೋ ಕೇಳುತ್ತಾರೆ; ಅದು ಕಂಪ್ಯೂಟರಿಗೆ ತಿಳಿಯಬೇಕಾದರೆ ಅಂಥ ಮಾತನ್ನು ಸಾವಿರಾರು ಗಂಟೆ ಅದರ ಕಿವಿಗೆ ಹಾಕಿರಬೇಕು. ಹೆಂಗಸರು ಮನೆಯಲ್ಲೇ ಕುಳಿತು ನಾವು ಕೊಟ್ಟ ವಿಷಯದ ಮೇಲೆ ಮಾತಾಡುತ್ತಾರೆ, ಅದನ್ನು ರೆಕಾರ್ಡು ಮಾಡುತ್ತಾರೆ, ಆಮೇಲೆ ತಾವೇ ಕೇಳಿ ಅಕ್ಷರಕ್ಕಿಳಿಸುತ್ತಾರೆ. ಅದು ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಕೇಳಿದ್ದನ್ನೆಲ್ಲ ಬರೆಯಬೇಕು, ಇದು ಮೊದಲ ನಿಯಮ. ಮಾತಾಡುವವರ ಹಿಂದೆ ಬೇರೆ ಯಾರದಾದರೂ ಮಾತು ಕೇಳಿಸಿದರೆ ಅದನ್ನೂ ಬಿಡುವಂತಿಲ್ಲ. "ಎರಡನೇ ದನಿ" ಎಂದು ಬೇರೆ ಸಾಲಿನಲ್ಲಿ ಬರೆದು, ಬೇರೆ ಭಾಷೆಯಾಗಿದ್ದರೆ ಕೆಳಗೆ ಅರ್ಥ ಕೊಡಬೇಕು. ಸದ್ದುಗದ್ದಲ ಅತಿಯಾದರೆ ಮಾತ್ರ ಫೈಲನ್ನು ತಿರಸ್ಕರಿಸಬಹುದು.

ಉತ್ತರ ಕರ್ನಾಟಕದ ಕನ್ನಡಕ್ಕೆಂದು ರಿತೇಶ್ ಎಂಬ ಗುತ್ತಿಗೆದಾರ ನಮಗೆ ಹನ್ನೊಂದು ಹೆಂಗಸರನ್ನು ಕೊಟ್ಟಿದ್ದ. "ಮನೆಯಿಂದ ದುಡಿಯುವ ಗೃಹಿಣಿಯರು" ಎಂದು ಅವನ ಕಾಗದ ಹೇಳುತ್ತಿತ್ತು. ನಮ್ಮ ಪರದೆಯ ಮೇಲೆ ಹೆಸರಿಲ್ಲ, ಬರೀ ನಂಬರು. ನಾಲ್ಕನೇ ನಂಬರಿನವರ ಬರಹದಲ್ಲಿ ಒಂದು ತಪ್ಪು ಹುಡುಕಬೇಕೆಂದರೆ ನನಗೆ ಅರ್ಧ ದಿನ ಬೇಕಾಗುತ್ತಿತ್ತು. ಏಳನೇ ನಂಬರಿನವರದು ಸಾಧಾರಣ. ಆದರೆ ಇಬ್ಬರದ್ದೂ, ಉಳಿದವರದ್ದೂ, ಮಧ್ಯಾಹ್ನ ಮೂರೂವರೆ ಹೊತ್ತಿನ ಫೈಲುಗಳಲ್ಲಿ ಒಂದು ದೊಡ್ಡ ಗಂಟೆಯ ಸದ್ದು. ನಾನು ಮದ್ದೂರಿನವಳ ಬುದ್ಧಿಯಿಂದ ಅದನ್ನು ದೇವರ ಕೋಣೆಯ ಗಂಟೆಯೆಂದು ತೀರ್ಮಾನಿಸಿದೆ. "ರೆಕಾರ್ಡ್ ಮಾಡುವಾಗ ಪೂಜೆಯ ಗಂಟೆ ಬಾರಿಸಬೇಡಿ. ತಿರಸ್ಕೃತ" ಎಂದು ಷರಾ ಬರೆದು ಕಳಿಸುತ್ತಿದ್ದೆ. ಒಂದಲ್ಲ, ಎರಡಲ್ಲ. ಏಳನೇ ನಂಬರಿಗೆ ಒಂದೇ ವಾರದಲ್ಲಿ ಮೂರು ಸಲ ಬರೆದಿದ್ದೇನೆ. ಬರೆದು ಊಟಕ್ಕೆ ಹೋಗಿದ್ದೇನೆ.

ಅದು ಜೈಲಿನ ಗಂಟೆ. ಕೈದಿಗಳನ್ನು ಎಣಿಸುವ ಗಂಟೆ. ಅದನ್ನು ಬಾರಿಸಬೇಡಿ ಎಂದು ನಾನು ಕೈದಿಗಳಿಗೇ ಬುದ್ಧಿ ಹೇಳುತ್ತಿದ್ದೆ.

ನಾಲ್ಕನೇ ನಂಬರಿನ ರಾಜೀವಿಯಕ್ಕ ಪಡುಬಿದ್ರಿಯವರು. ಮದುವೆಯಾಗಿ ಪುಣೆಗೆ ಬಂದು, ಬಿಬವೇವಾಡಿಯ ತಮ್ಮ ಹೋಟೆಲಿನ ಗಲ್ಲಾದಲ್ಲಿ ಹದಿನೆಂಟು ವರ್ಷ ಕುಳಿತವರು. ಆ ಹೋಟೆಲಿನಲ್ಲಿ ಚೀಟಿ ಇರಲಿಲ್ಲ. ಸಪ್ಲೈಯರುಗಳು ಒಳಗೆ ಕೂಗುವುದೇ ಚೀಟಿ. ಒಬ್ಬ ಎರಡು ಇಡ್ಲಿ ಒಂದು ವಡೆ ಅನ್ನುತ್ತಾನೆ, ಇನ್ನೊಬ್ಬ ಅವನ ಮಾತಿನ ಮೇಲೇ ಮೂರು ಮಸಾಲೆ ಅನ್ನುತ್ತಾನೆ, ಲೋಟ ತಟ್ಟೆಗಳ ಸದ್ದು ಬೇರೆ, ಎದುರಿಗೆ ಗಿರಾಕಿ ಮರಾಠಿಯಲ್ಲಿ ಕೇಳುತ್ತಾನೆ. ಅಷ್ಟರ ನಡುವೆ ಯಾವ ಮೇಜಿನವನು ಏನು ತಿಂದ ಎಂಬುದು ಗಲ್ಲಾದ ತಾಯಿಗೆ ಗೊತ್ತಿರಬೇಕು. ಅಕ್ಕನಿಗೆ ಗೊತ್ತಿರುತ್ತಿತ್ತು. ಆ ಕಿವಿಯನ್ನು ಯಾವ ಕಂಪನಿಯೂ ಕಲಿಸಿ ತಯಾರು ಮಾಡಲಾರದು.

ಗಂಡ ತೀರಿಕೊಂಡ ಹದಿನಾಲ್ಕನೇ ದಿನ ಅವರು ಹೋಟೆಲಿಗೆ ಹೋದರೆ ಗಲ್ಲಾದಲ್ಲಿ ಭಾವ ಸುಬ್ಬಯ್ಯ ಕುಳಿತಿದ್ದ. ಕಾಗದಪತ್ರ ಆಗಲೇ ತನ್ನ ಹೆಸರಿಗೆ ಮಾಡಿಸಿಕೊಂಡಾಗಿತ್ತು. ಪೆಟ್ಟಿಗೆಯ ಮೇಲೆ ಬಲಗೈ ಇಟ್ಟುಕೊಂಡು, "ನೀನಿನ್ನು ಒಳಗೆ ಉದ್ದು ರುಬ್ಬು, ಇಲ್ಲದಿದ್ದರೆ ಊರಿಗೆ ಹೋಗು" ಎಂದ. ಅಕ್ಕ ಒಳಗೆ ಹೋದರು. ಗೋಳಿಬಜೆ ಕರಿಯುವ ಬಾಂಡಲಿಯನ್ನು ಸೆರಗಿನಲ್ಲಿ ಹಿಡಿದು ತಂದು, ಪೆಟ್ಟಿಗೆಯ ಮೇಲಿದ್ದ ಆ ಕೈಯ ಮೇಲೆ ಎಣ್ಣೆ ಸುರಿದರು. ಏಳು ವರ್ಷ ಶಿಕ್ಷೆಯಾಯಿತು.

"ಅರ್ಧ ಬಾಂಡ್ಲಿ ಮಾತ್ರ ಇತ್ತು ಮಾರಾಯ್ತಿ," ಎಂದು ಅವರು ಆಮೇಲೆ ನನಗೆ ಹೇಳಿದ್ದುಂಟು. "ಬೇಜಾರು ಎಂತ ಗೊತ್ತುಂಟಾ? ಎಣ್ಣೆ ಒಂದು ಗಳಿಗೆಯಲ್ಲಿ ಮುಗಿದುಹೋಗ್ತದೆ. ಅವನಿಗೆ ಒಂದು ಗಳಿಗೆ, ನನಗೆ ಏಳು ವರ್ಷ. ಲೆಕ್ಕ ತಪ್ಪಿದ್ದು ಅಲ್ಲಿ."

ಸುರಿದದ್ದು ತಪ್ಪೆಂದು ಅವರು ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಶಿಕ್ಷೆಯ ನಾಲ್ಕನೇ ವರ್ಷ ರಿತೇಶ್ ಜೈಲಿಗೆ ಬಂದ. ಇವನೂ ಕರಾವಳಿಯ ಹೋಟೆಲು ಮನೆತನದವನೇ, ಪುಣೆಯಲ್ಲಿ ಹುಟ್ಟಿ ಬೆಳೆದವನು. ಮಹಿಳಾ ವಿಭಾಗದಲ್ಲಿ ಹನ್ನೊಂದು ಕಂಪ್ಯೂಟರು ಹಾಕಿಸಿ, ಹೆಂಗಸರಿಗೆ ತರಬೇತಿ ಕೊಡುತ್ತೇನೆ ಎಂದು ಅಧಿಕಾರಿಗಳಿಗೆ ನಂಬಿಸಿದ. ತರಬೇತಿ ಎಂದ ಮೇಲೆ ಸಂಬಳದ ಮಾತಿಲ್ಲ. ಜೈಲಿನ ಕಲಿಕೆಯವರಿಗೆ ಸಿಗುವ ದಿನದ ಪುಡಿಗಾಸು ಮಾತ್ರ. ಅತ್ತ ನಮ್ಮ ಕಂಪನಿ ಹೊರಗಿನ ಹೆಂಗಸರಿಗೆ ಕೊಡುವ ಪೂರ್ತಿ ಕೂಲಿಯನ್ನೇ ಅವನ ಕೈಗೆ ಕೊಡುತ್ತಿತ್ತು. ನಡುವಿನದ್ದೆಲ್ಲ ಅವನ ಜೇಬಿಗೆ.

ಮೊದಲ ದಿನ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಉತ್ತರ ಕರ್ನಾಟಕದವರು ಕೈ ಎತ್ತಿ ಎಂದ. ಅಕ್ಕ ಕೈ ಎತ್ತಿದರು. ಅವರ ಬ್ಯಾರಕ್ಕಿನಲ್ಲೇ ಮಲಗುತ್ತಿದ್ದ ವಿಜಯಪುರ ಕಡೆಯ ಗೌರಾಬಾಯಿಯ ಜೊತೆ ಮೂರು ವರ್ಷ ಕಳೆದಿದ್ದರಿಂದ ಅವಳ ಮಾತು ಅಕ್ಕನ ನಾಲಿಗೆಗೆ ಕೂತಿತ್ತು. "ಹೌದ್ರಿ, ನಾ ಆ ಕಡೆದಾಕಿನ ರೀ" ಎಂದರು. ಅವನು ನಂಬಿದ. ನಮ್ಮ ಯಂತ್ರ ಇವತ್ತು ವಿಜಯಪುರದ ಕನ್ನಡವೆಂದು ಕಲಿತಿರುವುದರಲ್ಲಿ ಒಂದು ಪಾಲು ಪಡುಬಿದ್ರಿಯ ಹೆಂಗಸಿನದು.

ಕರಾವಳಿಯವರಿಗೆ ಒಂದು ಅಭ್ಯಾಸವಿದೆ. ಪರವೂರಿನಲ್ಲಿ ಯಾರೇ ಸಿಕ್ಕರೂ ಮೊದಲು ಹೆಸರು, ಬೆನ್ನಿಗೇ ಊರು ಕೇಳುತ್ತಾರೆ. ಎರಡೇ ಪ್ರಶ್ನೆಗೆ ಯಾರ ಮನೆಯವರು, ಯಾವ ಹೋಟೆಲಿನವರು ಎಲ್ಲ ಹೊರಬೀಳುತ್ತದೆ. ರಿತೇಶ್ ಹೆಸರು ಕೇಳಿದ್ದರೆ ಸಾಕಿತ್ತು. ರಾಜೀವಿ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಆ ಕಡೆಯ ಯಾವನೂ ಮುಂದಿನ ಮಾತನ್ನು ತುಳುವಿನಲ್ಲಲ್ಲದೆ ಆಡುವುದಿಲ್ಲ. ಆದರೆ ಕೈದಿಗಳ ಹೆಸರು ಕಟ್ಟಿಕೊಂಡು ಅವನಿಗೇನು? "ಒಂದು, ಎರಡು, ಮೂರು" ಎಂದು ಬೆರಳು ತೋರಿಸುತ್ತ ಹೋದ. ಅಕ್ಕ ನಾಲ್ಕಾದರು, ಗೌರಾಬಾಯಿ ಏಳಾದಳು.

ಆ ಕೋಣೆಯಲ್ಲಿ ಕಂಪನಿಯೊಡನೆ ಮಾತಾಡಲೆಂದು ಒಂದು ಟೆಲಿಫೋನು ಇತ್ತು, ನಾಲ್ಕನೇ ಮೇಜಿನ ಪಕ್ಕದ ಗೋಡೆಯಲ್ಲಿ. ಜೈಲಿನೊಳಗೆ ಮೊಬೈಲು ಬಿಡುವುದಿಲ್ಲವಲ್ಲ, ರಿತೇಶ್ ತನ್ನ ಹೆಂಡತಿ ರಕ್ಷಿತಳಿಗೆ ಅಲ್ಲಿಂದಲೇ ಫೋನು ಮಾಡುತ್ತಿದ್ದ. ಅವನ ಗುತ್ತಿಗೆಯ ಲೆಕ್ಕಪತ್ರ ನೋಡುತ್ತಿದ್ದವಳು ಅವಳೇ. ಪಕ್ಕದಲ್ಲಿರುವುದು ಮರಾಠಿಯವರು, ವಿಜಯಪುರದವರು, ಇವರಿಗೆ ತುಳು ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲಿ ದನಿ ತಗ್ಗಿಸುತ್ತಲೂ ಇರಲಿಲ್ಲ. ಪುಣೆಯಲ್ಲಿ ಬೆಳೆದ ಹೋಟೆಲು ಮಕ್ಕಳೆಲ್ಲ ಗಿರಾಕಿಯ ಎದುರಿಗೇ ಗಿರಾಕಿಯನ್ನು ತುಳುವಿನಲ್ಲಿ ಬೈದು ರೂಢಿಯಿದ್ದವರು. ಅಕ್ಕ ಹೆಡ್‌ಫೋನು ಹಾಕಿಕೊಂಡು, ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ, ಒಂದೂವರೆ ವರ್ಷ ಅವನ ಸಂಸಾರದ ಸುದ್ದಿಯನ್ನೆಲ್ಲ ಕೇಳಿಸಿಕೊಂಡರು.

ಹೊರಗಿನ ಕೂಲಿ ಎಷ್ಟು, ತಮ್ಮ ಕೈಗೆ ಬರುವುದೆಷ್ಟು ಎಂಬುದು ಅವರಿಗೆ ಗೊತ್ತಾದದ್ದು ಹಾಗೆ. ಆದರೂ ಸುಮ್ಮನಿದ್ದರು. ಜೂನ್ ಎರಡನೇ ವಾರಕ್ಕೆ ಅವರ ಬಿಡುಗಡೆಯಿತ್ತು. ಒಳ್ಳೆಯ ನಡತೆಗೆಂದು ಸಿಕ್ಕ ಮಾಫಿಯ ದಿನಗಳನ್ನು ಕಳೆದು ಬಂದ ತಾರೀಖು ಅದು. ಶಿರೂರಿಗೆ ಕೊಟ್ಟಿದ್ದ ಮಗಳು ತೃಪ್ತಿಗೆ ಆಗಸ್ಟಿನಲ್ಲಿ ಹೆರಿಗೆ. ಬಾಣಂತನ ನಾನೇ ಮಾಡುತ್ತೇನೆ ಎಂದು ಭೇಟಿಯ ಕಿಟಕಿಯಲ್ಲಿ ಮಗಳ ಕೈ ಮುಟ್ಟಿ ಮಾತು ಕೊಟ್ಟಿದ್ದರು. ಏನಾದರೂ ಕಿತಾಪತಿ ಮಾಡಿ ಸಿಕ್ಕಿಬಿದ್ದರೆ ಮಾಫಿಯ ದಿನಗಳು ಹೋಗುತ್ತವೆ, ಹೆರಿಗೆಯೂ ತಪ್ಪುತ್ತದೆ. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದರು.

ಅಂಥವರ ತಾಳ್ಮೆ ಕೆಡಿಸಿದ್ದು ನನ್ನ ಷರಾ.

ತಿರಸ್ಕೃತವಾದ ಫೈಲಿಗೆ ಕಂಪನಿ ಹಣ ಕೊಡುವುದಿಲ್ಲ. ಆ ಸಿಟ್ಟನ್ನು ರಿತೇಶ್ ಹೆಂಗಸರ ಮೇಲೆ ಹಾಕುತ್ತಿದ್ದ: ವಾರದಲ್ಲಿ ಮೂರು ಸಲ ತಿರಸ್ಕಾರವಾದವಳು ಹದಿನೈದು ದಿನ ಕಂಪ್ಯೂಟರು ಬಿಟ್ಟು ಜೈಲಿನ ಅಡುಗೆಯ ಚಪಾತಿ ಶೆಡ್ಡಿಗೆ ಹೋಗಬೇಕು. ಏಪ್ರಿಲಿನಲ್ಲಿ ಗೌರಾಬಾಯಿ ಹೋದಳು. ಅರವತ್ತು ದಾಟಿದವಳು, ಮಂಡಿ ನೋವು. ಬಗ್ಗಿ ತವಾದ ಮೇಲೆ ಚಪಾತಿ ತಿರುವಿ ಹಾಕುವಾಗ ಆಯ ತಪ್ಪಿ ಅಂಗೈ ಊರಿದಳು. ಬಟ್ಟೆ ಸುತ್ತಿದ ಕೈಯಲ್ಲಿ ವಾಪಸು ಬಂದಾಗ ಅಕ್ಕ ರಿತೇಶನ ಹತ್ತಿರ ಹೋಗಿ, "ಸಾಹೇಬ್ರ, ಈಕಿಗೆ ಔಷಧ ಹಚ್ಚೂ ದುಡ್ಡರೆ ಕೊಡ್ರಿ, ಆ ಗಂಟಿ ಜೇಲಿಂದ್ರಿ, ಆಕಿದಲ್ಲ" ಎಂದರು. ಅವನು ಇವರ ಕಡೆ ನೋಡಲೂ ಇಲ್ಲ. ನೇರವಾಗಿ ಟೆಲಿಫೋನಿನ ಹತ್ತಿರ ಹೋದ.

ಅಕ್ಕ ತಮ್ಮ ಮೇಜಿಗೆ ಬಂದು ಕುಳಿತರು. ಆ ದಿನದ ವಿಷಯ "ನಿಮಗಿಷ್ಟವಾದ ಅಡುಗೆ", ಮೂರು ನಿಮಿಷ ಮಾತಾಡಬೇಕು. ಬಾಂಡಲಿ ಎತ್ತಿದ ದಿನದ ಹಾಗೆಯೇ, ಯೋಚನೆ ಮಾಡಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲವಂತೆ. ಮೈಕನ್ನು ಗೋಡೆಯ ಕಡೆ ತಿರುಗಿಸಿ ಗುಂಡಿ ಒತ್ತಿದರು.

ಆ ಫೈಲು ಮೇ ತಿಂಗಳ ಒಂದು ಮಂಗಳವಾರ ನನ್ನ ಪರದೆಗೆ ಬಂತು. ಕೇಳಿದೆ. ನಾಲ್ಕನೇ ನಂಬರಿನ ಪರಿಚಿತ ದನಿ ನಿಧಾನವಾಗಿ ಹೇಳುತ್ತಿತ್ತು: "ಬಜಿ ಕರಿಯೂದು ಭಾಳ ಸರಳ ಅದ ರೀ. ಆದ್ರ ಅವಸರ ಮಾಡಬಾರದು. ಎಣ್ಣಿ ಹದಕ್ಕ ಬರೂತನಾ ಸುಮ್ಮ ಕುಂಡ್ರಬೇಕ್ರಿ." ಅಷ್ಟು ಹೇಳಿ ಅದು ನಿಜವಾಗಿಯೂ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಗಂಡಸಿನ ದನಿ, ನನಗೆ ಗೊತ್ತಿಲ್ಲದ ಭಾಷೆ, ನಡುನಡುವೆ ನಗು. ನಾನು ಅಭ್ಯಾಸಬಲದಿಂದ ಕೆಂಪು ಗುರುತಿನ ಕಡೆ ಕೈ ಚಾಚಿದ್ದವಳು ಬರಹದ ಕಡೆ ಕಣ್ಣು ಹಾಯಿಸಿದೆ. ಗುಂಡಿ ಒತ್ತಲಿಲ್ಲ.

ನಿಯಮದಲ್ಲಿ ಹೇಳಿದ ಹಾಗೆಯೇ, ಬೇರೆ ಸಾಲಿನಲ್ಲಿ, ಒಂದಕ್ಷರ ಬಿಡದೆ ಬರೆದಿದ್ದರು. ಎರಡನೇ ದನಿ: "ಮೊಕ್ಲೆಗ್ ಒಂಜಿ ಸಾಬೂನು ಕೊರ್ಂಡ ಯಾವು." ಅರ್ಥ: ಇವರಿಗೆ ಒಂದು ಸಾಬೂನು ಕೊಟ್ಟರೆ ಸಾಕು. ಎರಡನೇ ದನಿ: "ಏರೆಗ್ಲಾ ಗೊತ್ತಾಪುಜಿ." ಅರ್ಥ: ಯಾರಿಗೂ ಗೊತ್ತಾಗುವುದಿಲ್ಲ. ಹಾಗೇ ಸಾಲು ಸಾಲಾಗಿ ಎರಡು ಪುಟ. ಕಂಪನಿಗೆ ಇವರು ಜೈಲಿನವರೆಂದು ಗೊತ್ತಿಲ್ಲ, ಜೈಲಿಗೆ ಕಂಪನಿ ಕೂಲಿ ಕೊಡುತ್ತಿದೆಯೆಂದು ಗೊತ್ತಿಲ್ಲ, ಒಂದು ಮುದುಕಿ ಕೈ ಸುಟ್ಟುಕೊಂಡು ರಗಳೆ ಮಾಡುತ್ತಿದ್ದಾಳೆ, ದನಿ ಬಳಸಲು ಕೊಡುವ ಒಪ್ಪಿಗೆಪತ್ರಗಳಿಗೆ ಹನ್ನೊಂದೂ ಸಹಿ ನಾವೇ ಹಾಕಿದ್ದೇವಲ್ಲ ಇನ್ನೇನು ಹೆದರಿಕೆ. ಎಲ್ಲ ಅವನ ಬಾಯಿಂದಲೇ ಬಂದಿತ್ತು. ಕೊನೆಯಲ್ಲಿ ಷರಾ ಬರೆಯುವ ಜಾಗದಲ್ಲಿ ಹೀಗಿತ್ತು: "ದನಿ ನಮ್ಮದು, ಸಹಿ ನಮ್ಮದಲ್ಲ. ಸಹಿ ಬೇಕಾದರೆ ಬಂದು ಕೇಳಿ. ಕೆಲಸ ನಿಲ್ಲಿಸಬೇಡಿ, ಅವನನ್ನು ನಿಲ್ಲಿಸಿ. ಇದು ಪೂಜೆಯ ಗಂಟೆಯಲ್ಲ. ರಾಜೀವಿ, ಪಡುಬಿದ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲು ನಾಚಿಕೆಗೆ, ಆಮೇಲೆ ಸಿಟ್ಟಿಗೆ. ಫೈಲು ಎತ್ತಿಕೊಂಡು ಮ್ಯಾನೇಜರ್ ಅಮೋಘನ ಕೋಣೆಗೆ ಹೋದೆ. ಅವನು ಪೂರ್ತಿ ಓದಿ, ಕನ್ನಡಕ ಒರೆಸಿಕೊಂಡ.

"ಜೈಲು ಅಂದ್ರೆ ರೆಪ್ಯುಟೇಶನ್ ಇಶ್ಯೂ ಸ್ಪಂದನಾ. ವೆಂಡರ್‌ನ ಡ್ರಾಪ್ ಮಾಡಿ, ಹನ್ನೊಂದು ಐಡಿನೂ ಕ್ಲೋಸ್ ಮಾಡ್ಬಿಡೋಣ. ಕ್ಲೀನ್ ಆಗಿರತ್ತೆ."

"ಕ್ಲೋಸ್ ಮಾಡು. ಆದ್ರೆ ಕನ್ಸೆಂಟ್ ಎಲ್ಲ ಫೋರ್ಜ್ ಅಂತ ಅವನೇ ಹೇಳಿದ್ದಾನೆ. ಒಪ್ಪಿಗೆ ಇಲ್ದಿರೋ ವಾಯ್ಸ್ ಅಳಿಸ್ಬೇಕು ಅಂತ ನಮ್ ಪಾಲಿಸಿನೇ ಹೇಳತ್ತೆ. ಈ ಹನ್ನೊಂದು ಜನರದ್ದು ತೆಗೆದ್ರೆ ಜೂನ್ ಲಾಂಚ್‌ಗೆ ಏನ್ ಉಳಿಯತ್ತೆ ನೋಡು."

ಅವನು ನೋಡಿದ. ಉತ್ತರ ಕರ್ನಾಟಕದ ಕನ್ನಡದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಅಕ್ಕ ಇದನ್ನೆಲ್ಲ ಒಳಗೆ ಕುಳಿತೇ ಅಂದಾಜು ಮಾಡಿದ್ದರು. ಹೋಟೆಲಿನಲ್ಲಿ ಹಿಟ್ಟು ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಜೈಲಿನ ಮಹಿಳಾ ಅಧಿಕಾರಿಗೆ ಫೈಲು ಕೇಳಿಸಿದೆವು. ಮರುವಾರ ನಾವಿಬ್ಬರೂ ಆ ಕಂಪ್ಯೂಟರು ಕೋಣೆಗೆ ಹೋದೆವು. ರಾಜೀವಿಯಕ್ಕನನ್ನು ಮೊದಲ ಸಲ ನೋಡಿದ್ದು ಅಲ್ಲೇ: ಗಿಡ್ಡನೆಯ ಹೆಂಗಸು, ಹಣೆಯ ಮೇಲೆ ಒಂದು ಬಿಳಿ ಕೂದಲೆಳೆ, ದಾರ ಕಟ್ಟಿದ ಕನ್ನಡಕ. ಕೂರಲು ಹೇಳಿದರೂ ಕೂರದೆ, ಗಲ್ಲಾದಲ್ಲಿ ಬಿಲ್ಲು ಹೇಳುವವರ ಹಾಗೆ ಬೇಡಿಕೆಗಳನ್ನು ಹೇಳಿದರು. ಹೊರಗಿನ ಹೆಂಗಸರಿಗೆ ಕೊಡುವ ಕೂಲಿಯೇ ಇವರಿಗೂ, ಅವರವರ ಹೆಸರಿನ ಖಾತೆಗೆ. ದುಡಿದ ತಿಂಗಳುಗಳದ್ದೂ ಸೇರಿಸಿ. ಬಿಡುಗಡೆಯಾದವರಿಗೆ ಹೊರಗೆ ಹೋದ ಮೇಲೂ ಅದೇ ಕೆಲಸ, ಕುಳಿತಲ್ಲಿಂದಲೇ. ಅಮೋಘ ತಲೆಯಾಡಿಸುತ್ತ ಬರೆದುಕೊಂಡ. ಒಪ್ಪಲೇಬೇಕಿತ್ತು.

"ಇನ್ನೊಂದುಂಟು," ಎಂದರು ಅಕ್ಕ. "ಒಪ್ಪಿಗೆಪತ್ರಕ್ಕೆ ನಮ್ಮ ಹೆಸರು ಬರೆದುಕೊಳ್ಳಲಿಕ್ಕೆ ಆ ರಿತೇಶನೇ ಬರಬೇಕು. ಒಬ್ಬೊಬ್ಬರ ಎದುರಿಗೆ ನಿಂತು ಹೆಸರು, ಊರು ಕೇಳಬೇಕು. ಅವನ ಕೈಯಲ್ಲೇ ಬರೆಯಬೇಕು. ಇಲ್ಲದಿದ್ದರೆ ಸಹಿ ಇಲ್ಲ."

ಅಮೋಘ ರಿತೇಶನನ್ನು ಕರೆದು, ಕಾಗದ ಸರಿಮಾಡಿಕೊಟ್ಟರೆ ಕಂಪನಿ ಪೊಲೀಸರ ತನಕ ಹೋಗುವುದಿಲ್ಲ ಎಂದು ಮಾತು ಕೊಟ್ಟ. ರಿತೇಶ್ ಬಂದ. ಯಾವ ನಂಬರಿನಿಂದ ಸುದ್ದಿ ಹೊರಗೆ ಹೋಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಳ್ಳೇಕೆ ಹೇಳಲಿ, ಮದುವೆಗೆ ಹೋಗುವಾಗ ಇರುವಷ್ಟು ಉತ್ಸಾಹ ನನಗೆ ಆ ದಿನ ಇತ್ತು.

ಒಂದನೇ ಮೇಜಿನ ನರ್ಮದಾ ಸಾತಾರಾದಲ್ಲಿ ಹುಟ್ಟಿ, ಅಥಣಿ ಕಡೆಗೆ ಕೊಟ್ಟ ಹೆಂಗಸು. ಅವಳು ತನ್ನ ಹೆಸರು, ಗಂಡನ ಹೆಸರು, ಮಾವನ ಹೆಸರು, ಎರಡೂ ಊರು, ಎರಡರ ಅಂಚೆ, ತಾಲೂಕು ಎಲ್ಲವನ್ನೂ ಹೇಳಿ, ಬರೆದದ್ದನ್ನು ಓದಿಸಿ, ಒಂದು ಅಕ್ಷರ ತಪ್ಪೆಂದು ಮತ್ತೆ ಬರೆಸಿದಳು. ಎರಡನೆಯವಳು ಕಿವಿ ಕೇಳಿಸದವಳ ಹಾಗೆ ನಟಿಸಿ ಮೂರು ಸಲ ಕೇಳಿಸಿದಳು. ಅಕ್ಕ ಬೇಕೆಂದೇ ಕೊನೆಯಲ್ಲಿ ನಿಂತಿದ್ದರು. ಅವರ ಮುಂಚೆ ಗೌರಾಬಾಯಿ. ಅವಳು ಹೆಸರು ಹೇಳುವ ಮೊದಲು ಅಂಗೈ ಬಿಚ್ಚಿ ಅವನ ಹಾಳೆಯ ಮೇಲಿಟ್ಟಳು. ಗಾಯ ಮಾದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವಳು ಕೈ ತೆಗೆಯುವವರೆಗೂ ಅವನು ಕಾಯಬೇಕಾಯಿತು.

"ಹೆಸರು?" ಎಂದ ಕೊನೆಗೆ, ತಲೆ ಎತ್ತದೆ.

"ರಾಜೀವಿ."

ಪೆನ್ನು ನಿಂತಿತು. ಅವನು ಮುಖ ನೋಡಿದ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ.

"ಊರು ಕೇಳು," ಎಂದರು ಅಕ್ಕ.

ಅಕ್ಕನೇ ಹೇಳಿದರು, "ಪಡುಬಿದ್ರಿ." ಆಮೇಲೆ ಊರ ಕಡೆಯ ಹುಡುಗನನ್ನು ಮಾತಾಡಿಸುವ ಹಾಗೆ, ಮೆತ್ತಗೆ, ತುಳುವಿನಲ್ಲಿ: "ಒಣಸ್ ಆಂಡಾ ಮಗಾ? ಸಾಬೂನು ಓಲುಂಡು?"

ಊಟ ಆಯಿತಾ ಮಗಾ, ಸಾಬೂನು ಎಲ್ಲಿದೆ. ನನಗೆ ಅರ್ಥ ಗೊತ್ತಾದದ್ದು ಆಮೇಲೆ, ಆದರೆ ಅವನ ಮುಖದಿಂದ ರಕ್ತ ಇಳಿದದ್ದನ್ನು ಅಲ್ಲೇ ಕಣ್ಣಾರೆ ಕಂಡೆ, ಹೊಟ್ಟೆ ತಣ್ಣಗಾಯಿತು. ಹಾಳೆಯ ಕೆಳಗೆ ತಾರೀಖು ಹಾಕಿ ಅವನು ಸಹಿ ಮಾಡಿದ. ಹನ್ನೊಂದು ಹೆಂಗಸರೂ ತಮ್ಮ ಒಪ್ಪಿಗೆಪತ್ರಗಳಿಗೆ ಸಹಿ ಮಾಡಿದರು. ಮುಗಿಯಿತೆಂದು ಅಮೋಘ ನಿಟ್ಟುಸಿರು ಬಿಟ್ಟ.

ಮುಗಿದಿರಲಿಲ್ಲ. ರಿತೇಶ್ ಬರೆದ ಪಟ್ಟಿಯ ಒಂದು ಪ್ರತಿಯನ್ನು ಅಕ್ಕ ಅಧಿಕಾರಿಯಿಂದ ಕೇಳಿ ಪಡೆದರು. ಕಾನೂನು ನೆರವಿಗೆ ಜೈಲಿಗೆ ಬರುತ್ತಿದ್ದ ವಕೀಲೆ ದೀಪಾಲಿಯ ಮೂಲಕ ಎರಡೇ ದಿನದಲ್ಲಿ ಪೊಲೀಸು ದೂರು ಹೋಯಿತು: ಹನ್ನೊಂದು ಖೊಟ್ಟಿ ಸಹಿ. ದೂರಿನ ಜೊತೆಗೆ ಲಗತ್ತಿಸಿದ ಮೊದಲ ಕಾಗದ, ಈ ಹೆಂಗಸರು ಯಾರು, ಎಲ್ಲಿದ್ದಾರೆ ಎಂದು ಅವನೇ ತನ್ನ ಕೈಯಾರೆ ಬರೆದು ಸಹಿ ಹಾಕಿದ ಹಾಳೆ. ಸುಮ್ಮನಿರುತ್ತೇವೆ ಎಂದು ಮಾತಾಗಿತ್ತಲ್ಲ ಎಂದು ಅಮೋಘ ಗೊಣಗಿದ್ದನ್ನು ನಾನು ಆಮೇಲೆ ಅಕ್ಕನಿಗೆ ಹೇಳಿದಾಗ ಅವರು, "ಕಂಪನಿ ಹೇಳಿದ್ದು. ನಾನು ಹೇಳಿದ್ದಾ?" ಎಂದರು.

ಜಾಮೀನು ಸಿಗುವವರೆಗೆ ರಿತೇಶ್ ಇಪ್ಪತ್ತೆರಡು ದಿನ ಒಳಗಿದ್ದ, ಅದೇ ಜೈಲಿನ ಗಂಡಸರ ವಿಭಾಗದಲ್ಲಿ. ಗೋಡೆಯ ಆ ಕಡೆ. ಗಂಟೆ ಎರಡೂ ಕಡೆಗೂ ಒಂದೇ. ಮೂರೂವರೆಗೆ ಅದು ಹೊಡೆದಾಗಲೆಲ್ಲ ಹನ್ನೊಂದು ಜನವೂ ಕೀಲಿಮಣೆಯಿಂದ ಕೈ ತೆಗೆದು, ಅದು ಪೂರ್ತಿ ನಿಲ್ಲುವವರೆಗೂ ಕೇಳುತ್ತಿದ್ದರಂತೆ.

ದಂಡ ತೆತ್ತದ್ದು ಅಕ್ಕ ಒಬ್ಬರೇ. ಕೆಲಸದ ಫೈಲಿನಲ್ಲಿ ಹೊರಗಿನವರಿಗೆ ಸಂದೇಶ ಕಳಿಸಿದ್ದು ಜೈಲಿನ ನಿಯಮಕ್ಕೆ ವಿರುದ್ಧ. ವಿಚಾರಣೆಯಾಯಿತು, ತೊಂಬತ್ತು ದಿನದ ಮಾಫಿ ಕಳೆದರು. ಜೂನ್ ಹೋಗಿ ಸೆಪ್ಟೆಂಬರು ಬಂತು. ಆಗಸ್ಟಿನಲ್ಲಿ ತೃಪ್ತಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ನೀರು ಹಾಕಿದವರು ಬೇರೆ ಯಾರೋ. "ನಿನಗೆ ನನಗಿಂತ ಆ ಮನುಷ್ಯನ ಮೇಲಿನ ಸಿಟ್ಟೇ ದೊಡ್ಡದಾಯ್ತಲ್ಲ ಅಮ್ಮ" ಎಂದು ಮಗಳು ಒಂದು ಸಲ ಫೋನಿನಲ್ಲಿ ಹೇಳಿದಳಂತೆ, ಆಮೇಲೆ ಎರಡು ತಿಂಗಳು ಮಾತು ಬಿಟ್ಟಳು. ಮೊಮ್ಮಗಳಿಗೆ ಯಶ್ಮಿತಾ ಎಂದು ಹೆಸರಿಟ್ಟದ್ದು ಅಕ್ಕನಿಗೆ ತಿಳಿದದ್ದೂ ಬೇರೆಯವರ ಬಾಯಿಂದ.

ಬಿಡುಗಡೆಯ ದಿನ ನಾನು ಗೇಟಿನ ಹತ್ತಿರ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಅವರು ಅದಕ್ಕೆ ಅವಕಾಶ ಕೊಡದೆ, "ಊಟ ಆಯ್ತಾ?" ಎಂದರು. ಇಬ್ಬರೂ ಒಂದು ಹೋಟೆಲಿಗೆ ಹೋಗಿ ಕುಳಿತೆವು. ಮಗಳ ಸುದ್ದಿ ಹೇಳುವಾಗ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ಬೇಜಾರು ಉಂಟು," ಎಂದರು. "ಪಶ್ಚಾತ್ತಾಪ ಇಲ್ಲ. ಅದು ಬೇರೆ, ಇದು ಬೇರೆ ಮಾರಾಯ್ತಿ. ಮಗಳಿಗೆ ತಿಳಿಯಲಿಕ್ಕೆ ಸ್ವಲ್ಪ ವರ್ಷ ಬೇಕು."

ನನ್ನ ಷರಾಗಳ ವಿಷಯ ಅವರು ಎತ್ತಲೇ ಇಲ್ಲ. ಕ್ಷಮಿಸಿಬಿಟ್ಟರು ಎಂದು ಖುಷಿಯಲ್ಲಿ ಆಟೋ ಹತ್ತಿದೆ. ದಡ್ಡಿ ನಾನು. ಒಂದೂವರೆ ವರ್ಷ ಹೆಡ್‌ಫೋನು ಹಾಕಿಕೊಂಡು ಸುಮ್ಮನೆ ಕುಳಿತ ಹೆಂಗಸು ಅವರು ಎಂಬುದು ಮರೆತೇಹೋಗಿತ್ತು.

ಅಕ್ಕ ಬಿಬವೇವಾಡಿಯಲ್ಲೇ ಒಂದು ಕೋಣೆ ಹಿಡಿದರು, ಸುಬ್ಬಯ್ಯನ ಹೋಟೆಲಿನ ಎದುರು ಸಾಲಿನಲ್ಲಿ. ಬೇರೆಲ್ಲೂ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ, ಕಿಟಕಿ ಚೆನ್ನಾಗಿದೆ ಎಂದರು. ಬೆಳಗ್ಗೆ ಅವನು ಗಲ್ಲಾಕ್ಕೆ ಬಂದು ಎಡಗೈಯಲ್ಲಿ ಬೀಗ ತೆಗೆಯುವ ಹೊತ್ತಿಗೆ ಇವರು ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕಂಪನಿ ಅವರನ್ನು ಪರಿಶೀಲಕಿಯಾಗಿ ತೆಗೆದುಕೊಂಡಿತು. ಜೈಲಿನೊಳಗಿನ ಹತ್ತು ಜನರ ಕೆಲಸ ಈಗ ಅವರ ಕೈಕೆಳಗೆ. ಹೊಸ ಪದ್ಧತಿಯಂತೆ ಪರಿಶೀಲಕರ ಕಿವಿಯನ್ನೂ ಆಗಾಗ ಪರೀಕ್ಷಿಸಬೇಕು. ಅದನ್ನು ಸೂಚಿಸಿದವರೂ ಅಕ್ಕನೇ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಬೆಳಗ್ಗೆ ನನ್ನ ಹೆಸರಿಗೆ ಪರೀಕ್ಷೆಯ ಫೈಲು ಬಂತು. ಕಳಿಸಿದವರು ರಾಜೀವಿ. "ಕೇಳಿದ್ದನ್ನೆಲ್ಲ ಬರೆಯಿರಿ." ಹಚ್ಚಿದರೆ ಏಪ್ರಿಲಿನ ಹಳೆಯ ರೆಕಾರ್ಡು, ನಾಲ್ಕನೇ ನಂಬರಿನದು, ಮೂರೂವರೆಯ ಗಂಟೆ ಹೊಡೆಯುವಲ್ಲಿಗೆ ನಾನು ಕೇಳುವುದನ್ನು ನಿಲ್ಲಿಸಿ ತಿರಸ್ಕರಿಸಿದ ಫೈಲು. ಈ ಸಲ ಪೂರ್ತಿ ಕೇಳಿದೆ. ಅಕ್ಕನ ಮಾತು ಬರೆದೆ, ಗಂಟೆ ಎಂದು ಬರೆದೆ, ಗಂಟೆಯ ಹಿಂದೆ ಮರಾಠಿಯಲ್ಲಿ ಎಣಿಸುವ ದನಿ ಇತ್ತು, ಅದನ್ನೂ ಅರ್ಥಸಹಿತ ಬರೆದು ಕಳಿಸಿದೆ. ಹತ್ತು ನಿಮಿಷದಲ್ಲಿ ವಾಪಸು ಬಂತು, ಕೆಂಪು ಗುರುತಿನೊಡನೆ. "ಎರಡನೇ ದನಿ ಬಿಟ್ಟಿದ್ದೀರಿ. ತಿರಸ್ಕೃತ."

ದನಿ ಏರಿಸಿ ಮತ್ತೆ ಕೇಳಿದೆ. ಎಣಿಕೆ ಮುಗಿದ ಮೇಲೆ ಏನೂ ಇಲ್ಲ ಅನ್ನಿಸಿತು, ಎಣಿಕೆಯ ಸಾಲನ್ನೇ ತಿದ್ದಿ ಕಳಿಸಿದೆ. ಮತ್ತೆ ತಿರಸ್ಕೃತ. ಮೂರನೇ ಸಲ ಕಿವಿಗೆ ಕೈ ಒತ್ತಿ ಹಿಡಿದು ಕುಳಿತಾಗ ಕೊನೆಯ ನಾಲ್ಕು ಸೆಕೆಂಡಿನಲ್ಲಿ ಅದು ಸಿಕ್ಕಿತು. ದೂರದಲ್ಲಿ, ಬಟ್ಟೆ ಸುತ್ತಿದ ಕೈಯಲ್ಲಿ ಆಗಷ್ಟೇ ಒಳಗೆ ಬಂದ ಗೌರಾಬಾಯಿಯ ದನಿ. ಅವಳು ಕೇಳುತ್ತಿದ್ದದ್ದು ನನ್ನ ಬಗ್ಗೆ.

ಬೇರೆ ಸಾಲಿನಲ್ಲಿ, ಒಂದಕ್ಷರ ಬಿಡದೆ ಬರೆದೆ. ಎರಡನೇ ದನಿ: "ಆ ಷರಾ ಬರಿಯೂ ಬಾಯಾರಿಗೆ ನಾ ಏನ್ ಮಾಡೀನಿ ರಾಜೀವಿ? ಗಂಟಿ ನಾ ಹೊಡದ್ನೇನು?"

ಕಳಿಸಿದೆ. ಉತ್ತರ ತಕ್ಷಣ ಬಂತು: "ಈಗ ಸರಿಯಾಗಿದೆ."